ಪಾದಕ್ಕೊಂದು ಕೆಲಸ ಕೊಟ್ಟ ಮನೆತನ: ಲಡ್ವಿಗ್ ಡ್ರಮ್ ಕಂಪನಿಯ ಕಥೆ

ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುವವರನ್ನು ನೀವೆಲ್ಲ ನೋಡಿದ್ದೀರಿ. ಮುಂದಿನ ಸಲ ಅವರ ಕೈ ನೋಡಬೇಡಿ, ಬಲಗಾಲು ನೋಡಿ. ನೆಲದ ಮೇಲೆ ನಿಂತಿರುತ್ತಲ್ಲ ದೊಡ್ಡ ಡ್ರಮ್, ಅದರ ಬುಡದಲ್ಲಿ ಒಂದು ಪೆಡಲ್ ಇರುತ್ತದೆ. ಕಾಲಿನ ಬೆರಳು ಒತ್ತಿದರೆ ಒಂದು ಸಣ್ಣ ಗುಂಡುತಲೆಯ ಕೋಲು ಹೋಗಿ ಡ್ರಮ್ಮಿಗೆ ಬಡಿಯುತ್ತದೆ. ಎದೆಗೆ ಬಂದು ಗುದ್ದುವ ಆ 'ಧಬ್' ಶಬ್ದ ಅಲ್ಲಿಂದಲೇ ಬರುವುದು. ನಾನು ಇವತ್ತು ಹೇಳಬೇಕೆಂದಿರುವ ಕಂಪನಿ ಶುರುವಾದದ್ದು ಆ ಪೆಡಲ್‌ನಿಂದ. ಡ್ರಮ್ ಮಾಡಬೇಕು ಅಂತ ಹೊರಟವರಲ್ಲ ಅವರು. ಡ್ರಮ್ ಬಾರಿಸುತ್ತಿದ್ದವರು. ಕೆಲಸಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗಲಿಲ್ಲ, ತಾವೇ ಮಾಡಿಕೊಂಡರು.

ಪೆಡಲ್ ಇಲ್ಲದ ಕಾಲ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುವುದಿಲ್ಲ.

ಮಿಲಿಟರಿ ಬ್ಯಾಂಡ್‌ನಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸ್ನೇರ್ ಡ್ರಮ್ಮಿಗೆ (ತಳದಲ್ಲಿ ತಂತಿ ಕಟ್ಟಿದ ಚಿಕ್ಕ ಡ್ರಮ್) ಒಬ್ಬ, ಸಿಂಬಲ್‌ಗೆ (ತಟ್ಟೆಯಂಥ ದೊಡ್ಡ ತಾಳ) ಇನ್ನೊಬ್ಬ. ಮೆರವಣಿಗೆಯಲ್ಲಿ ನಡೆದುಕೊಂಡು ಹೋಗುವಾಗ ಇದು ಸರಿ. ಆದರೆ ಥಿಯೇಟರಿನಲ್ಲಿ ವೇದಿಕೆಯ ಕೆಳಗಿನ ಗುಂಡಿಯಂಥ ಜಾಗದಲ್ಲಿ ವಾದ್ಯದವರು ಒತ್ತಿಕೊಂಡು ಕೂರಬೇಕಿತ್ತು. ಅಲ್ಲಿ ಮೂರು ಜನರಿಗೆ ಜಾಗವೂ ಇಲ್ಲ, ಮೂರು ಜನರಿಗೆ ಸಂಬಳ ಕೊಡಲು ಮಾಲೀಕನಿಗೆ ಮನಸ್ಸೂ ಇಲ್ಲ. ಹಾಗಾಗಿ ಒಬ್ಬನೇ ಎಲ್ಲ ಮಾಡುವ ರೂಢಿ ಬಂತು. ಸ್ನೇರ್ ಡ್ರಮ್ಮನ್ನು ಒಂದು ಕುರ್ಚಿಯ ಮೇಲೆ ಓರೆಯಾಗಿ ಇಟ್ಟುಕೊಳ್ಳುವುದು, ಪಕ್ಕದಲ್ಲಿ ದೊಡ್ಡ ಡ್ರಮ್ ನಿಲ್ಲಿಸಿಕೊಳ್ಳುವುದು. ಕೈಯಲ್ಲಿರುವ ಅದೇ ಕೋಲಿನಿಂದ ಅದಕ್ಕೊಂದು ಏಟು, ಇದಕ್ಕೆರಡು ಏಟು. ನಿಧಾನದ ಮಾರ್ಚ್‌ಗೆ ಇದು ನಡೆಯುತ್ತದೆ. ವೇಗ ಹೆಚ್ಚಿದರೆ ಕೈ ಸಾಲುವುದಿಲ್ಲ.

ಕಾಲಿನಿಂದ ಬಾರಿಸುವ ಪೆಡಲ್‌ಗಳು ಆಗಲೇ ಬಂದಿದ್ದವು. ಪೆಡಲ್ ಕಂಡುಹಿಡಿದವರೇ ಲಡ್ವಿಗ್ ಅಂತ ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಇದ್ದ ಪೆಡಲ್‌ಗಳ ತೊಂದರೆ ಬೇರೆ. ಬಹಳಷ್ಟರಲ್ಲಿ ಕೋಲು ಡ್ರಮ್ಮಿನ ಮೇಲ್ತುದಿಯಿಂದ ಕೆಳಕ್ಕೆ ನೇತಾಡುತ್ತಿತ್ತು. ಕಾಲು ಒತ್ತಿದರೆ ಅಷ್ಟುದ್ದದ ಕೋಲು ಜೋತಾಡಿ ಬಂದು ಬಡಿಯಬೇಕು, ವಾಪಸ್ ಹೋಗಬೇಕು, ಮತ್ತೆ ಬರಬೇಕು. ಭಾರ ಜಾಸ್ತಿ, ದೂರ ಜಾಸ್ತಿ. ಹೊತ್ತುಕೊಂಡು ಊರೂರು ತಿರುಗುವುದೂ ಕಷ್ಟ.

ಈಗ ವಿಲಿಯಂ ಎಫ್. ಲಡ್ವಿಗ್ ಕಥೆಗೆ ಬರೋಣ. ಹುಟ್ಟಿದ್ದು 1879ರಲ್ಲಿ, ಜರ್ಮನಿಯಲ್ಲಿ. ಚಿಕ್ಕ ಹುಡುಗನಿದ್ದಾಗಲೇ ಕುಟುಂಬ ಅಮೆರಿಕಕ್ಕೆ ಬಂದು ಶಿಕಾಗೋದಲ್ಲಿ ನೆಲೆಸಿತು. ತಂದೆ ಟ್ರೊಂಬೋನ್ ನುಡಿಸುತ್ತಿದ್ದರು. ಮನೆಯಲ್ಲೇ ಸಂಗೀತ, ಮನೆಗೆ ಸಂಗೀತದಿಂದಲೇ ಅನ್ನ. ಹುಡುಗ ಡ್ರಮ್ ಹಿಡಿದ. ಸರ್ಕಸ್ಸಿನಲ್ಲಿ ಬಾರಿಸಿದರು, ಥಿಯೇಟರುಗಳಲ್ಲಿ ಬಾರಿಸಿದರು, ದೊಡ್ಡ ಆರ್ಕೆಸ್ಟ್ರಾಗಳಲ್ಲೂ ಬಾರಿಸಿದರು. ತಮ್ಮ ಥಿಯೋಬಾಲ್ಡ್ ಕೂಡ ಅದೇ ದಾರಿ ಹಿಡಿದರು.

ಆ ಹೊತ್ತಿಗೆ ಅಮೆರಿಕದಲ್ಲಿ ಚುರುಕು ತಾಳದ ಸಂಗೀತವಾದ ರ‍್ಯಾಗ್‌ಟೈಮ್ ಹುಚ್ಚು. ಕುಣಿಯುವವರಿಗೆ ವೇಗ ಬೇಕು. ಥಿಯೇಟರಿನ ಹಳ್ಳದಲ್ಲಿ ಕೂತ ವಿಲಿಯಂಗೆ ತನ್ನ ಪೆಡಲ್ ಹಾಡಿನ ಹಿಂದೆ ಬೀಳುತ್ತಿರುವುದು ಗೊತ್ತಾಗುತ್ತಿತ್ತು. ತಾಳ ಕೊಡಬೇಕಾದವನೇ ತಾಳ ತಪ್ಪಿದರೆ ಹೇಗೆ? ಅವರು ಮರದಲ್ಲಿ ತಮಗಾಗಿ ಒಂದು ಪೆಡಲ್ ಮಾಡಿಕೊಂಡರು. ಕೋಲನ್ನು ಮೇಲಿಂದ ನೇತುಹಾಕುವ ಬದಲು ಕೆಳಗಿನಿಂದ ನಿಲ್ಲಿಸಿದರು. ಡ್ರಮ್ಮಿನ ಕೆಳಗಿನ ಬಳೆಗೆ ಕಚ್ಚಿಕೊಳ್ಳುವಂತೆ ಕೂರಿಸಿದರು. ಇಡೀ ಕಾಲಿನ ಭಾರ ಹಾಕುವುದು ಬೇಡ, ಬೆರಳಿನ ಕಡೆಯಿಂದ ಒತ್ತಿದರೆ ಸಾಕು. ಕೋಲು ಚಿಕ್ಕದಾಯಿತು, ಹೋಗಿಬರುವ ದಾರಿ ಚಿಕ್ಕದಾಯಿತು, ವೇಗ ತಾನಾಗೇ ಬಂತು. ಆ ಕೋಲಿನ ಜೊತೆಗೇ ಒಂದು ಸಣ್ಣ ಸಿಂಬಲ್‌ಗೆ ತಾಗುವ ಕಡ್ಡಿಯನ್ನೂ ಸೇರಿಸಬಹುದಿತ್ತು. ಒಂದು ಒತ್ತಿಗೆ ಎರಡು ಶಬ್ದ.

ಜೊತೆಯಲ್ಲಿ ಬಾರಿಸುತ್ತಿದ್ದವರು ನೋಡಿದರು, ನನಗೊಂದು ಮಾಡಿಕೊಡಿ ಅಂದರು. ಅಲ್ಲಿಂದ ಅಣ್ಣ ತಮ್ಮ ಸೇರಿ 1909ರಲ್ಲಿ ಶಿಕಾಗೋದಲ್ಲಿ 'ಲಡ್ವಿಗ್ ಅಂಡ್ ಲಡ್ವಿಗ್' ಶುರುಮಾಡಿದರು. ಬಂಡವಾಳ ಅಂತ ದೊಡ್ಡದೇನೂ ಇರಲಿಲ್ಲ. ಇಬ್ಬರೂ ಬಾರಿಸುವ ಕೆಲಸವನ್ನು ಒಮ್ಮೆಲೇ ಬಿಡಲೂ ಇಲ್ಲ.

ಇಲ್ಲಿ ಮೂರನೆಯ ಒಬ್ಬರನ್ನು ನೆನೆಯಲೇಬೇಕು. ಬೋರ್ಡಿನ ಮೇಲೆ ಅವರ ಹೆಸರಿರಲಿಲ್ಲ. ರಾಬರ್ಟ್ ಡ್ಯಾನ್ಲಿ, ಲಡ್ವಿಗ್ ಸಹೋದರರ ಭಾವ, ಅಕ್ಕತಂಗಿಯ ಕಡೆಯ ಸಂಬಂಧ. ಅವರು ಡ್ರಮ್ಮರ್ ಅಲ್ಲ, ಇಂಜಿನಿಯರು. ಮರದ ಮಾದರಿಯನ್ನು ಲೋಹದ ಗಟ್ಟಿ ಪೆಡಲ್ ಆಗಿ ಮಾಡಿಸಿ, ಒಂದರ ಹಾಗೆ ಇನ್ನೊಂದು ಬರುವಂತೆ ತಯಾರಿಸುವ ದಾರಿ ತೋರಿಸಿದ್ದು ಅವರು. ಬಾರಿಸುವವನಿಗೆ ಏನು ಬೇಕು ಅಂತ ಗೊತ್ತಿರುತ್ತದೆ. ಅದನ್ನು ಸಾವಿರ ಸಲ ಒತ್ತಿದರೂ ಮುರಿಯದ ಹಾಗೆ ಮಾಡುವ ವಿದ್ಯೆ ಬೇರೆ. ಈ ಮನೆಯಲ್ಲಿ ಎರಡೂ ಒಂದೇ ಊಟದ ಮೇಜಿನ ಸುತ್ತ ಕೂತಿದ್ದವು. ಕುಟುಂಬದ ಉದ್ದಿಮೆ ಅಂದರೆ ನಾವು ಆಸ್ತಿ, ಪಾಲು ಅಂತ ಮಾತಾಡುತ್ತೇವೆ. ನನ್ನ ಪ್ರಕಾರ ಲಡ್ವಿಗ್‌ರ ನಿಜವಾದ ಬಂಡವಾಳ ಈ ಸಂಬಂಧವೇ.

ಡ್ಯಾನ್ಲಿಯವರ ಕೈಚಳಕ ಪೆಡಲ್‌ಗೇ ನಿಲ್ಲಲಿಲ್ಲ. ಟಿಂಪಾನಿ ಅಂತ ಒಂದು ವಾದ್ಯ ಇದೆ. ತಾಮ್ರದ ದೊಡ್ಡ ಕೊಪ್ಪರಿಗೆಯಂಥದ್ದು, ಬಾಯಿಗೆ ಚರ್ಮ ಬಿಗಿದಿರುತ್ತದೆ. ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಹಿಂದುಗಡೆ ನಿಂತು ಬಾರಿಸುತ್ತಾರೆ. ಅದಕ್ಕೆ ನಿಖರವಾದ ಶ್ರುತಿ ಬೇಕು. ಹಿಂದೆಲ್ಲ ಶ್ರುತಿ ಬದಲಿಸಬೇಕಾದರೆ ಅಂಚಿನ ಸುತ್ತ ಇರುವ ತಿರುಪುಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಬೇಕಿತ್ತು. ಅದೂ ಉಳಿದವರು ನುಡಿಸುತ್ತಿರುವಾಗಲೇ, ಕಿವಿಯನ್ನು ಚರ್ಮದ ಹತ್ತಿರ ಇಟ್ಟು. ಕಾಲಲ್ಲಿ ಒತ್ತಿ ಶ್ರುತಿ ಏರಿಸುವ ಟಿಂಪಾನಿ ಯುರೋಪಿನಲ್ಲಿ ಇತ್ತು, ಆದರೆ ಭಾರಿ ತೂಕದ್ದು. ಲಡ್ವಿಗ್‌ರು ಮೊದಲು ದ್ರವದ ಒತ್ತಡದಿಂದ ಎಲ್ಲ ತಿರುಪುಗಳನ್ನೂ ಒಟ್ಟಿಗೆ ಎಳೆಯುವ ಮಾದರಿ ಮಾಡಿದರು. ಆಮೇಲೆ ಸ್ಪ್ರಿಂಗಿನ ಬಲದಿಂದ ಪೆಡಲ್ ಇಟ್ಟಲ್ಲೇ ನಿಲ್ಲುವ ಮಾದರಿ ತಂದರು. ಮತ್ತೆ ಅದೇ, ಪಾದಕ್ಕೊಂದು ಕೆಲಸ, ಕೈಗೆ ಬಿಡುವು.

ಸ್ನೇರ್ ಡ್ರಮ್‌ಗಳನ್ನೂ ಅವರು ಬೇಗ ಶುರುಮಾಡಿದರು. ಮರದ ಬದಲು ಲೋಹದ ಮೈ ಇರುವ ಸ್ನೇರ್. ಅದರಲ್ಲಿ ಒಂದನ್ನು ನೀವು ಚಿತ್ರದಲ್ಲಾದರೂ ನೋಡಬೇಕು. 1920ರ ದಶಕದಲ್ಲಿ ಬಂದದ್ದು, ಇವತ್ತು 'ಬ್ಲ್ಯಾಕ್ ಬ್ಯೂಟಿ' ಅಂತ ಹೆಸರಾಗಿದೆ. ಹಿತ್ತಾಳೆಯ ಮೈ, ಅದರ ಮೇಲೆ ಕಪ್ಪು ನಿಕಲ್ ಲೇಪ. ಆ ಕಪ್ಪು ಲೇಪವನ್ನು ಕೆತ್ತುವವರು ಕೈಯಲ್ಲಿ ಉಳಿ ಹಿಡಿದು ಹೂಬಳ್ಳಿಯ ಆಕಾರದಲ್ಲಿ ಕೆರೆದು ತೆಗೆಯುತ್ತಾರೆ. ಕೆರೆದ ಕಡೆ ಕೆಳಗಿನ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತದೆ. ಉಳಿದದ್ದು ಕಪ್ಪು. ಬಣ್ಣ ಬಳಿದದ್ದಲ್ಲ, ತೆಗೆದು ಮಾಡಿದ ಚಿತ್ರ. ಹಳೆಯ ಡ್ರಮ್ ಸಂಗ್ರಹಿಸುವವರು ಇವತ್ತಿಗೂ ಇದಕ್ಕಾಗಿ ಪ್ರಾಣ ಬಿಡುತ್ತಾರೆ.

ಆದರೆ ಅಷ್ಟರಲ್ಲಿ ಮನೆಯಲ್ಲಿ ಒಂದು ಸಾವಾಗಿತ್ತು. 1918ರ ಇನ್‌ಫ್ಲುಯೆಂಜಾ ನಿಮಗೆ ಗೊತ್ತಿದೆ. ನಮ್ಮ ಕಡೆಯೂ ಊರೂರುಗಳನ್ನು ಬರಿದು ಮಾಡಿದ ಪಿಡುಗು. ಶಿಕಾಗೋದಲ್ಲಿ ಅದು ಥಿಯೋಬಾಲ್ಡ್‌ರನ್ನು ತೆಗೆದುಕೊಂಡು ಹೋಯಿತು. ಕಂಪನಿಯ ಹೆಸರಿನಲ್ಲಿ ಎರಡು ಲಡ್ವಿಗ್ ಉಳಿಯಿತು, ಕಾರ್ಖಾನೆಯಲ್ಲಿ ಒಬ್ಬರೇ ಉಳಿದರು. ವಿಲಿಯಂ ಹೆಸರು ಬದಲಿಸಲಿಲ್ಲ.

ಇಪ್ಪತ್ತರ ದಶಕ ಅವರಿಗೆ ಒಳ್ಳೆಯ ಕಾಲ. ಮೂಕಿ ಸಿನಿಮಾದ ದಿನಗಳು ಅವು. ಪ್ರತಿ ಥಿಯೇಟರಿನಲ್ಲೂ ವಾದ್ಯದವರು ಬೇಕು. ತೆರೆಯ ಮೇಲೆ ಕುದುರೆ ಓಡಿದರೆ ಡ್ರಮ್ಮರ್ ಗೊರಸಿನ ಶಬ್ದ ಮಾಡಬೇಕು, ಹಕ್ಕಿ ಬಂದರೆ ಸೀಟಿ ಊದಬೇಕು, ಗುಡುಗು ಬಂದರೆ ಗುಡುಗಬೇಕು. ಈ ಶಬ್ದದ ಸಾಮಾನುಗಳನ್ನೆಲ್ಲ ಡ್ರಮ್ ಕಂಪನಿಗಳೇ ಮಾರುತ್ತಿದ್ದವು. 1927ರಲ್ಲಿ ಮಾತಾಡುವ ಸಿನಿಮಾ ಬಂತು. ಎರಡು ಮೂರು ವರ್ಷದಲ್ಲಿ ಥಿಯೇಟರಿನ ವಾದ್ಯದವರಿಗೆ ಕೆಲಸ ಹೋಯಿತು. ಅವರ ಕೆಲಸ ಹೋದರೆ ಲಡ್ವಿಗ್ ಸಾಮಾನು ಕೊಳ್ಳುವವರು ಯಾರು?

ಇನ್ನೊಂದು ಪೆಟ್ಟು ಅವರು ತಾವೇ ತಂದುಕೊಂಡದ್ದು. ಆಗ ಬ್ಯಾಂಜೋ ವಾದ್ಯಕ್ಕೆ ಭಾರಿ ಬೇಡಿಕೆ. ಬ್ಯಾಂಜೋ ನೋಡಿದ್ದೀರಲ್ಲ, ತಂತಿವಾದ್ಯ, ಆದರೆ ಹೊಟ್ಟೆಗೆ ಡ್ರಮ್ಮಿನ ಹಾಗೆ ಚರ್ಮ ಬಿಗಿದಿರುತ್ತದೆ. ಚರ್ಮ ಬಿಗಿಯುವುದು ನಮಗೆ ಗೊತ್ತಿದೆ, ನಾವೂ ಮಾಡೋಣ ಅಂತ ಲಡ್ವಿಗ್ ಬ್ಯಾಂಜೋಗೆ ದುಡ್ಡು ಸುರಿಯಿತು. ಅದೇ ಊರಿನಲ್ಲಿ ಸ್ಲಿಂಗರ್‌ಲ್ಯಾಂಡ್ ಅಂತ ಇನ್ನೊಂದು ಮನೆತನದ ಕಂಪನಿ ಇತ್ತು. ಅವರದು ಬ್ಯಾಂಜೋ ವ್ಯಾಪಾರ. ನೀವು ನಮ್ಮ ಹೊಲಕ್ಕೆ ಬಂದಿರಾ, ಹಾಗಾದರೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ ಅಂತ ಅವರು ಡ್ರಮ್ ಮಾಡಲು ಶುರುಮಾಡಿದರು ಅಂತ ಈ ವ್ಯಾಪಾರದವರು ಹೇಳುತ್ತಾರೆ. ಬ್ಯಾಂಜೋ ಹುಚ್ಚು ಬೇಗ ಇಳಿಯಿತು, ಆ ಜಾಗಕ್ಕೆ ಗಿಟಾರ್ ಬಂತು. ಲಡ್ವಿಗ್‌ಗೆ ಉಳಿದದ್ದು ಮಾರಾಟವಾಗದ ಬ್ಯಾಂಜೋ, ಜೊತೆಗೆ ಶಿಕಾಗೋದಲ್ಲೇ ಹುಟ್ಟಿಕೊಂಡ ಜಬರ್ದಸ್ತ್ ಎದುರಾಳಿ. ಮುಂದೆ 1930ರ ದಶಕದಲ್ಲಿ ಜೀನ್ ಕ್ರೂಪಾ ಅನ್ನುವ ಡ್ರಮ್ಮರ್ ಮನೆಮಾತಾದರಲ್ಲ, ಅವರು ಬಾರಿಸಿದ್ದು ಸ್ಲಿಂಗರ್‌ಲ್ಯಾಂಡ್ ಡ್ರಮ್ಮುಗಳನ್ನು.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಪೆಡಲ್ ಮಾಡಿದಾಗ ವಿಲಿಯಂಗೆ ತನ್ನ ಕಾಲಿನ ನೋವು ಗೊತ್ತಿತ್ತು. ಬ್ಯಾಂಜೋ ಮಾಡುವಾಗ ಆ ಮನೆಯಲ್ಲಿ ಬ್ಯಾಂಜೋ ನುಡಿಸಿ ಹೊಟ್ಟೆ ಹೊರೆಯುವವರು ಯಾರೂ ಇರಲಿಲ್ಲ. ಮಾರ್ಕೆಟ್ ಇದೆ ಅಂತ ಹೋದರು. ಈ ಕಂಪನಿಯ ಕಥೆಯಲ್ಲಿ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದೇ. ಬಾರಿಸುವವರ ತೊಂದರೆ ಕೇಳಿಸಿಕೊಂಡು ಮಾಡಿದ್ದೆಲ್ಲ ಉಳಿದುಕೊಂಡಿತು.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಆ ಹೊತ್ತಿನಲ್ಲೇ ಲಡ್ವಿಗ್ ಅಂಡ್ ಲಡ್ವಿಗ್ ಅನ್ನು ಸಿ. ಜಿ. ಕಾನ್ ಕಂಪನಿಗೆ ಮಾರಬೇಕಾಯಿತು. ಕಾನ್ ಅಂದರೆ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನ ದೊಡ್ಡ ವಾದ್ಯ ಕಂಪನಿ, ತುತ್ತೂರಿ, ಸ್ಯಾಕ್ಸೊಫೋನ್‌ಗೆ ಹೆಸರುವಾಸಿ. ಡ್ರಮ್ ತಯಾರಿಕೆಯನ್ನು ಶಿಕಾಗೋದಿಂದ ಅಲ್ಲಿಗೆ ಸಾಗಿಸಿದರು. ವಿಲಿಯಂ ಕೂಡ ಹೋಗಿ ಅಲ್ಲಿ ಕೆಲಸ ಮಾಡಿದರು. ನಿನ್ನೆವರೆಗೆ ಮಾಲೀಕ, ಇವತ್ತು ನೌಕರ, ಅದೂ ತನ್ನದೇ ಹೆಸರಿನ ಡ್ರಮ್ ಮಾಡುವ ಕಡೆ. ಕೆಲವು ವರ್ಷ ಹೀಗೆ ಕಳೆಯಿತು. ಆಮೇಲೆ ಬಿಟ್ಟು ಬಂದರು.

ಆಗ ಅವರ ವಯಸ್ಸು 57ರ ಆಸುಪಾಸು. ನಮ್ಮಲ್ಲಾದರೆ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು, ಅಲ್ವಾ? ಅವರು 1937ರಲ್ಲಿ ಶಿಕಾಗೋದ ಡೇಮನ್ ಅವೆನ್ಯೂದಲ್ಲಿ ಒಂದು ಕಟ್ಟಡ ಹಿಡಿದು ಹೊಸ ಕಂಪನಿ ತೆರೆದರು. ಜೊತೆಗೆ ಮಗ, ಎರಡನೆಯ ವಿಲಿಯಂ ಎಫ್. ಲಡ್ವಿಗ್. ಹುಟ್ಟಿದ್ದು 1916ರಲ್ಲಿ, ಆಗಿನ್ನೂ 20-21ರ ಹುಡುಗ, ಅವರೂ ಡ್ರಮ್ ಬಾರಿಸುತ್ತಿದ್ದವರೇ. ಆದರೆ ಒಂದು ಅಡ್ಡಿ ಇತ್ತು. ಡ್ರಮ್ಮಿನ ಮೇಲೆ 'ಲಡ್ವಿಗ್' ಅಂತ ಹಾಕುವಂತಿರಲಿಲ್ಲ. ಆ ಹೆಸರು ಕಾನ್‌ಗೆ ಸೇರಿತ್ತು. ತಂದೆ ತಾಯಿ ಕೊಟ್ಟ ಹೆಸರನ್ನು ತನ್ನ ಸಾಮಾನಿನ ಮೇಲೆ ತಾನೇ ಬರೆಯುವ ಹಾಗಿಲ್ಲ. ಹಾಗಾಗಿ ಇನಿಷಿಯಲ್ ಮಾತ್ರ ಹಾಕಿಕೊಂಡರು: ಡಬ್ಲ್ಯು.ಎಫ್.ಎಲ್. ಡ್ರಮ್ ಕಂಪನಿ.

ಹೆಸರು ಕೈಬಿಟ್ಟಿತ್ತು, ಕೈಯ ವಿದ್ಯೆ ಬಿಟ್ಟಿರಲಿಲ್ಲ. ಹೊಸ ಕಂಪನಿ ತಂದ ಮೊದಮೊದಲ ಸಾಮಾನುಗಳಲ್ಲಿ ಒಂದು ಮತ್ತೆ ಪೆಡಲ್ಲೇ. ಹೆಸರು 'ಸ್ಪೀಡ್ ಕಿಂಗ್'. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾಮೂಲಿ ಪೆಡಲ್‌ನಲ್ಲಿ ಒಂದು ಸ್ಪ್ರಿಂಗ್ ಹೊರಗಡೆ ಕಾಣುವಂತೆ ಪಕ್ಕದಲ್ಲಿ ಎಳೆದುಕೊಂಡು ನಿಂತಿರುತ್ತದೆ. ಬಾರಿಸಿ ಬಾರಿಸಿ ಅದು ಜಗ್ಗುತ್ತದೆ, ಒಂದು ದಿನ ಹಾಡಿನ ಮಧ್ಯೆ ತುಂಡಾಗುತ್ತದೆ. ಸ್ಪೀಡ್ ಕಿಂಗ್‌ನಲ್ಲಿ ಎರಡು ಕಂಬಗಳಿವೆ. ಕಂಬಗಳು ಟೊಳ್ಳು. ಸ್ಪ್ರಿಂಗ್‌ಗಳು ಅವುಗಳ ಒಳಗೆ ಅಡಗಿವೆ, ಅದೂ ಎಳೆಯುವ ಸ್ಪ್ರಿಂಗ್ ಅಲ್ಲ, ಅಮುಕುವ ಸ್ಪ್ರಿಂಗ್. ಪಾದ ಒತ್ತಿದರೆ ಅವು ಒಳಗೆ ಅಮುಕಿಕೊಳ್ಳುತ್ತವೆ, ಬಿಟ್ಟರೆ ಪುಟಿದು ಕೋಲನ್ನು ವಾಪಸ್ ತರುತ್ತವೆ. ಬಿಗಿ ಬದಲಿಸಬೇಕಾದರೆ ಪೆಡಲ್ ಮಗುಚಿ ಕಂಬದ ತಳದ ತಿರುಪು ತಿರುಗಿಸಬೇಕು. ತಿರುಗುವ ಕಡೆ ಬಾಲ್ ಬೇರಿಂಗ್. ಪಾದ ಇಡುವ ಹಲಗೆ ಮತ್ತು ಕೋಲಿನ ನಡುವೆ ಪಟ್ಟಿಯೂ ಇಲ್ಲ, ಚೈನೂ ಇಲ್ಲ, ಗಟ್ಟಿ ಲೋಹದ ಕೊಂಡಿ. ಹಾಗಾಗಿ ಕಾಲು ಹೇಳಿದ್ದನ್ನು ಕೋಲು ಆ ಕ್ಷಣವೇ ಮಾಡುತ್ತದೆ.

ಒಂದೇ ಒಂದು ತೊಂದರೆ. ಎಣ್ಣೆ ಬಿಡದಿದ್ದರೆ ಕಿರ್ರ್ ಅನ್ನುತ್ತದೆ. ಲೆಡ್ ಜೆಪ್ಪೆಲಿನ್ ಅನ್ನುವ ರಾಕ್ ತಂಡದ ಡ್ರಮ್ಮರ್ ಜಾನ್ ಬಾನಮ್ ಈ ಪೆಡಲ್ ಬಳಸುತ್ತಿದ್ದರು. ಅವರ ಕೆಲವು ಧ್ವನಿಮುದ್ರಣಗಳಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಆ ಕಿರುಗುಟ್ಟುವಿಕೆ ಕೇಳಿಸುತ್ತದೆ. ನನಗೆ ಅದು ಬಹಳ ಇಷ್ಟ. ಒಂದು ಕಾಲು ಅಲ್ಲಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದ ಕಾಲ. ಸರ್ಕಾರ ಲೋಹಕ್ಕೆ ಕಡಿವಾಣ ಹಾಕಿತು. ಒಂದು ಡ್ರಮ್ಮಿನ ತೂಕದಲ್ಲಿ ನೂರಕ್ಕೆ 10 ಭಾಗದಷ್ಟು ಮಾತ್ರ ಲೋಹ ಇರಬಹುದು ಅಂತ ನಿಯಮ. ಡ್ರಮ್ಮಿನ ಬಳೆ, ಚರ್ಮ ಬಿಗಿಯುವ ತಿರುಪು ಕೂರುವ ಗಟ್ಟಿ, ಎಲ್ಲ ಲೋಹದ್ದೇ. ಏನು ಮಾಡುವುದು? ಮರದಲ್ಲೇ ಮಾಡಿದರು. ತಿರುಪು ಕೂರುವ ಗಟ್ಟಿಗಳನ್ನು ಮರದಲ್ಲಿ ಕೆತ್ತಿದರು. ಅಮೆರಿಕದ ಎಲ್ಲ ಡ್ರಮ್ ಕಂಪನಿಗಳೂ ಇದೇ ಪಾಡುಪಟ್ಟವು. ಆ ಡ್ರಮ್‌ಗಳನ್ನು ಈಗ ನೋಡಿದರೆ ಒಂದು ಥರ ಚೆಂದ ಕಾಣುತ್ತವೆ, ಆದರೆ ಬಿಗಿ ನಿಲ್ಲುವುದು ಕಷ್ಟವಿತ್ತು.

ಯುದ್ಧ ಮುಗಿದು ಹತ್ತು ವರ್ಷಕ್ಕೆ, 1955ರಲ್ಲಿ, ಒಂದು ಒಳ್ಳೆಯದಾಯಿತು. ಕಾನ್ ಕಂಪನಿ ಡ್ರಮ್ ವ್ಯವಹಾರ ಬಿಡಲು ನಿರ್ಧರಿಸಿತು. ಅಪ್ಪ ಮಗ ಹೋಗಿ ಲಡ್ವಿಗ್ ಹೆಸರನ್ನು ದುಡ್ಡು ಕೊಟ್ಟು ವಾಪಸ್ ಕೊಂಡುಕೊಂಡರು. ಸುಮಾರು 25 ವರ್ಷದ ಮೇಲೆ ಆ ಹೆಸರು ಮನೆಗೆ ಬಂತು. ವಿಲಿಯಂ ಹಿರಿಯರಿಗೆ ಆಗ 75 ದಾಟಿತ್ತು. ಒಮ್ಮೆಲೇ ಬೋರ್ಡು ಬದಲಿಸಿದರೆ ಗಿರಾಕಿಗಳಿಗೆ ಗೊಂದಲವಾಗುತ್ತದೆ ಅಂತ ಕೆಲವು ವರ್ಷ ಡಬ್ಲ್ಯು.ಎಫ್.ಎಲ್. ಮತ್ತು ಲಡ್ವಿಗ್ ಎರಡನ್ನೂ ಬಳಸಿದರು. ಆ ನಡುಗಾಲದ ಬಿಲ್ಲೆ ಇರುವ ಡ್ರಮ್ ಕಂಡರೆ ಸಂಗ್ರಹಕಾರರು ಕಾಲ ಗುರುತಿಸಿಬಿಡುತ್ತಾರೆ.

ಇಲ್ಲಿ ಒಂದು ಉಪಕಥೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗ್ರೆಚ್ ಅಂತ ಇನ್ನೊಂದು ಜರ್ಮನ್ ಮೂಲದ ಮನೆತನ. 1883ರಲ್ಲಿ ಶುರು. ಸ್ಥಾಪಕ 1895ರಲ್ಲಿ ತೀರಿಕೊಂಡಾಗ ಮಗನಿಗೆ 15 ವರ್ಷ. ಆ ಹುಡುಗ ಕಂಪನಿ ಹೊತ್ತುಕೊಂಡ, ಬೆಳೆಸಿದ. 1967ರಲ್ಲಿ ಅವರೂ ಬಾಲ್ಡ್‌ವಿನ್ ಅನ್ನುವ ಪಿಯಾನೋ ಕಂಪನಿಗೆ ಮಾರಿದರು. 1985ರಲ್ಲಿ ಅದೇ ಮನೆತನದ ಮುಂದಿನ ತಲೆಮಾರಿನವರು ವಾಪಸ್ ಕೊಂಡರು. ಹೆಸರು ಕಳೆದುಕೊಂಡು ಮತ್ತೆ ಗಳಿಸಿದವರು ಲಡ್ವಿಗ್ ಒಬ್ಬರೇ ಅಲ್ಲ ಅಂತ ಹೇಳಲು ಇದನ್ನು ತಂದೆ.

ಇನ್ನು ಚರ್ಮದ ವಿಷಯ. ನಮ್ಮ ತಮಟೆಯವರು ಬಾರಿಸುವ ಮೊದಲು ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ, ನೋಡಿದ್ದೀರಲ್ಲ? ಮಳೆಗಾಲದಲ್ಲಿ ಮದ್ದಳೆಯವರ ಪಾಡು ಕೇಳಿ, ಮುಚ್ಚಿಗೆ ಥಂಡಿ ಹಿಡಿದರೆ ಶ್ರುತಿ ಇಳಿದುಬಿಡುತ್ತದೆ. ಅಮೆರಿಕದವರಿಗೂ ಇದೇ ಕಷ್ಟ. ಅವರದು ಕರುವಿನ ಚರ್ಮ. ಮಳೆ ಬಂದರೆ ಸಡಿಲ, ಬಿಸಿಲು ಬಂದರೆ ಬಿಗಿದು ಸೀಳು. ಮೈದಾನದಲ್ಲಿ ಬಾರಿಸುವ ಮೆರವಣಿಗೆ ಬ್ಯಾಂಡುಗಳಿಗಂತೂ ದಿನಾ ಗೋಳು. 1950ರ ದಶಕದಲ್ಲಿ ಪಾಲಿಯೆಸ್ಟರ್ ಹಾಳೆ ಬಂತು, ಡುಪಾಂಟ್ ಕಂಪನಿಯ ಮೈಲಾರ್. ಅದನ್ನು ಡ್ರಮ್ಮಿಗೆ ಬಿಗಿದವರಲ್ಲಿ ಚಿಕ್ ಎವಾನ್ಸ್ ಮತ್ತು ರೆಮೋ ಬೆಲ್ಲಿ ಮುಂಚೂಣಿಯವರು, ಇಬ್ಬರೂ ಡ್ರಮ್ಮರ್‌ಗಳೇ. ರೆಮೋ ಕಂಪನಿ ಹುಟ್ಟಿದ್ದು 1957ರಲ್ಲಿ. ಲಡ್ವಿಗ್ ಕೂಡ ತಡಮಾಡದೆ 'ವೆದರ್ ಮಾಸ್ಟರ್' ಅನ್ನುವ ಹೆಸರಿನಲ್ಲಿ ತನ್ನದೇ ಪ್ಲಾಸ್ಟಿಕ್ ಹೊದಿಕೆ ತಂದಿತು. ಹಳಬರು ಮೂಗು ಮುರಿದರು. ಚರ್ಮದ ನಾದ ಇದಕ್ಕಿಲ್ಲ ಅಂದರು. ಅದರಲ್ಲಿ ಸತ್ಯವಿದೆ, ಒಂದೇ ಡ್ರಮ್ಮಿಗೆ ಎರಡನ್ನೂ ಹಾಕಿ ಬಾರಿಸಿದರೆ ಕಿವಿಗೆ ಗೊತ್ತಾಗುತ್ತದೆ. ಆದರೂ ಸಾಮೂಹಿಕವಾಗಿ ಡ್ರಮ್ ಸೆಟ್ ಮಾಡಿ ಜಗತ್ತಿಗೆಲ್ಲ ಕಳಿಸುವುದು ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಬಹಳ ಸುಲಭವಾಯಿತು. ಹಡಗಿನಲ್ಲಿ ಹೋದರೂ ಕೆಡುವುದಿಲ್ಲವಲ್ಲ.

ಅದು ಸರಿಯಾದ ಹೊತ್ತಿಗೇ ಆಯಿತು. ಯಾಕೆಂದರೆ 1964 ಬರುತ್ತಿತ್ತು.

ಈ ಭಾಗ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. 1963ರಲ್ಲಿ ಲಂಡನ್ನಿನ 'ಡ್ರಮ್ ಸಿಟಿ' ಅನ್ನುವ ಅಂಗಡಿಗೆ ರಿಂಗೋ ಸ್ಟಾರ್ ಹೋಗುತ್ತಾರೆ, ಬೀಟಲ್ಸ್ ತಂಡದ ಡ್ರಮ್ಮರ್. ಜೊತೆಗೆ ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್. ಅಂಗಡಿಯ ಮಾಲೀಕ ಐವರ್ ಆರ್ಬಿಟರ್ ಆಗಷ್ಟೇ ಲಡ್ವಿಗ್ ಡ್ರಮ್ಮುಗಳನ್ನು ಇಂಗ್ಲೆಂಡಿಗೆ ತರಿಸಲು ಶುರುಮಾಡಿದ್ದರು. ಡ್ರಮ್ಮಿನ ಮೈಗೆ ಸುತ್ತುವ, ಕಪ್ಪು ಬಿಳುಪು ಸುಳಿಸುಳಿಯಾಗಿ ಹೊಳೆಯುವ ಒಂದು ಹಾಳೆ, 'ಬ್ಲ್ಯಾಕ್ ಆಯ್‌ಸ್ಟರ್ ಪರ್ಲ್' ಅಂತ, ರಿಂಗೋ ಕಣ್ಣಿಗೆ ಬಿತ್ತು. ಅದೇ ಬೇಕು ಅಂದರು. ದೊಡ್ಡ ಡ್ರಮ್ಮಿನ ಮುಂಭಾಗದ ಹೊದಿಕೆಯ ಮೇಲೆ ತಂಡದ ಹೆಸರು ಬೇಕು ಅಂತ ಎಪ್‌ಸ್ಟೀನ್. ಆರ್ಬಿಟರ್ ಅಲ್ಲೇ ಒಂದು ಕಾಗದದ ಮೇಲೆ ಗೀಚಿದರು. ಮೊದಲ ಅಕ್ಷರ ದೊಡ್ಡದು, ನಡುವಿನ 'ಟಿ' ಅಕ್ಷರದ ಕಾಲು ಕೆಳಕ್ಕೆ ಇಳಿದದ್ದು. ಜಗತ್ತೇ ಗುರುತಿಸುವ ಆ ಬರಹ ಹುಟ್ಟಿದ್ದು ಹೀಗೆ, ಡ್ರಮ್ ಅಂಗಡಿಯ ಕೌಂಟರಿನಲ್ಲಿ. ಬೋರ್ಡು ಬರೆಯುವ ಎಡ್ಡಿ ಸ್ಟೋಕ್ಸ್ ಅದನ್ನು ಬಣ್ಣದಲ್ಲಿ ಬರೆದರು. ಅದರ ಮೇಲೆ, ಕಣ್ಣಿಗೆ ಬೀಳುವಂತೆ, 'ಲಡ್ವಿಗ್'.

1964ರ ಫೆಬ್ರವರಿ 9. ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಬೀಟಲ್ಸ್. ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ರಿಂಗೋ ಎಲ್ಲರಿಗಿಂತ ಎತ್ತರದ ಕಟ್ಟೆಯ ಮೇಲೆ ಕೂತಿದ್ದಾರೆ. ಕ್ಯಾಮೆರಾ ತಂಡವನ್ನು ತೋರಿಸಿದಾಗೆಲ್ಲ ನಡುಮಧ್ಯೆ ಆ ಡ್ರಮ್, ಅದರ ಮೇಲೆ ಆ ಹೆಸರು. ಲಡ್ವಿಗ್ ಇದಕ್ಕಾಗಿ ಒಂದು ಪೈಸೆ ಕೊಟ್ಟಿರಲಿಲ್ಲ. ಮಾರನೆಯ ದಿನದಿಂದ ಅಮೆರಿಕದ ಹುಡುಗರಿಗೆಲ್ಲ ಡ್ರಮ್ ಬೇಕು, ಅದೇ ಡ್ರಮ್ ಬೇಕು. ಡೇಮನ್ ಅವೆನ್ಯೂ ಕಾರ್ಖಾನೆ ಹಗಲೂ ರಾತ್ರಿ ಪಾಳಿಯಲ್ಲಿ ನಡೆಯಿತು. ಅಕ್ಕಪಕ್ಕ ಕಟ್ಟಡ ಸೇರಿಸಿಕೊಂಡರು. ಆದರೂ ಆರ್ಡರ್ ತೀರಿಸಲು ಆಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಬೀಟಲ್ಸ್ ಶಿಕಾಗೋಗೆ ಬಂದಾಗ ಮಗ ಲಡ್ವಿಗ್ ಹೋಗಿ ರಿಂಗೋಗೆ ಚಿನ್ನದ ಲೇಪದ ಒಂದು ಸ್ನೇರ್ ಡ್ರಮ್ ಕೊಟ್ಟು ಬಂದರು. ಕೊಡಬೇಕಾದ್ದೇ.

ಇದನ್ನು ಅದೃಷ್ಟ ಅಂತ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಟಿವಿಯಲ್ಲಿ ನೋಡಿ ಕೊಂಡ ಹುಡುಗ ಮನೆಗೆ ತಂದು ಬಾರಿಸುತ್ತಾನೆ. ಡ್ರಮ್ ಚೆನ್ನಾಗಿಲ್ಲದಿದ್ದರೆ ಗೆಳೆಯರಿಗೆ ಕೊಳ್ಳಬೇಡಿ ಅನ್ನುತ್ತಾನೆ. ಹಾಗಾಗಲಿಲ್ಲ. ಆ ಕಾಲದ ಲಡ್ವಿಗ್ ಶೆಲ್, ಅಂದರೆ ಡ್ರಮ್ಮಿನ ಮೈ, ಮೂರು ಪದರದ್ದು. ಮೇಪಲ್, ಪಾಪ್ಲರ್, ಮಹಾಗನಿ ಮರಗಳ ತೆಳು ಹಾಳೆಗಳನ್ನು ಅಂಟಿಸಿ ದುಂಡಗೆ ಬಾಗಿಸಿದ್ದು. ತೆಳ್ಳಗಿದ್ದರೆ ನಾದ ಚೆನ್ನಾಗಿ ಬರುತ್ತದೆ, ಆದರೆ ದುಂಡು ನಿಲ್ಲುವುದಿಲ್ಲ. ಅದಕ್ಕೆ ಎರಡೂ ಅಂಚಿಗೆ ಒಳಗಡೆಯಿಂದ ಮೇಪಲ್ ಬಳೆ ಕೂರಿಸಿದರು. ಹಳೆಯ ಸೆಟ್ ಸಿಕ್ಕರೆ ಹೊದಿಕೆ ತೆಗೆದು ಒಳಗೆ ಕೈಯಾಡಿಸಿ, ಆ ಬಳೆ ಬೆರಳಿಗೆ ಸಿಗುತ್ತದೆ.

ಸ್ನೇರ್‌ನಲ್ಲಿ 'ಸುಪ್ರಫೋನಿಕ್' ಬಂದದ್ದೂ ಆ ಕಾಲದಲ್ಲೇ. ಜೋಡಣೆಯ ಗೆರೆಯೇ ಇಲ್ಲದ ಅಲ್ಯೂಮಿನಿಯಂ ಮೈ, ಮೇಲೆ ಕ್ರೋಮ್ ಲೇಪ, ನಡುವೆ ಸುತ್ತಲೂ ಒಂದು ಉಬ್ಬುಗೆರೆ. ಸ್ಟುಡಿಯೋಗಳಲ್ಲಿ ಇದರಷ್ಟು ಧ್ವನಿಮುದ್ರಣಗೊಂಡ ಸ್ನೇರ್ ಬೇರೊಂದಿಲ್ಲ ಅಂತಲೇ ಹೇಳುವವರಿದ್ದಾರೆ. ದೋಷವೂ ಇದೆ. ಅಲ್ಯೂಮಿನಿಯಂಗೆ ಕ್ರೋಮ್ ಸರಿಯಾಗಿ ಕಚ್ಚುವುದಿಲ್ಲ. ವರ್ಷಗಳು ಕಳೆದಂತೆ ಚುಕ್ಕೆ ಚುಕ್ಕೆ ಗುಳ್ಳೆ ಏಳುತ್ತದೆ, ಸಿಪ್ಪೆ ಏಳುತ್ತದೆ. ನಾದಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ನೋಡಲು ಕೆಟ್ಟಿರುವ ಹಳೆಯ ಸುಪ್ರಫೋನಿಕ್ ಕಡಿಮೆ ಬೆಲೆಗೆ ಸಿಕ್ಕರೆ ಬಾರಿಸುವವರು ಬಿಡುವುದಿಲ್ಲ.

1972ರಲ್ಲಿ ಆರ್‌ಪಾರ್ ಕಾಣುವ ಅಕ್ರಿಲಿಕ್ ಡ್ರಮ್ ತಂದರು, 'ವಿಸ್ಟಾಲೈಟ್'. ಬಾನಮ್ ಬಾರಿಸಿದ ಜೇನುಬಣ್ಣದ ಸೆಟ್ ಅದೇ. ಮರದ ನಾದ ಬೇಕು ಅನ್ನುವವರಿಗೆ ಅದು ಹಿಡಿಸದು, ಆದರೆ ದೊಡ್ಡ ಮೈದಾನದ ಬೆಳಕಿನಲ್ಲಿ ಅದರ ಹೊಳಪೇ ಬೇರೆ. ಮುಂದಿನ ವರ್ಷ, 1973ರಲ್ಲಿ, ಹಿರಿಯ ವಿಲಿಯಂ ತೀರಿಕೊಂಡರು. ತಾನು ಮರದಲ್ಲಿ ಮಾಡಿಕೊಂಡ ಪೆಡಲ್‌ನಿಂದ ಪಾರದರ್ಶಕ ಡ್ರಮ್ಮಿನವರೆಗೆ ಎಲ್ಲವನ್ನೂ ಅವರು ಕಣ್ಣಾರೆ ಕಂಡಿದ್ದರು.

ಆಮೇಲಿನದು ಬೇಗ ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಜಪಾನಿನವರು ಬಂದರು. ಪರ್ಲ್, ತಾಮಾ, ಯಮಾಹಾ. ಇವರಲ್ಲೂ ಮನೆತನಗಳಿವೆ. ಪರ್ಲ್ ಅನ್ನು 1946ರಲ್ಲಿ ಟೋಕಿಯೋದಲ್ಲಿ ಕಟ್ಟಿದ್ದು ಕಟ್ಸುಮಿ ಯಾನಾಗಿಸಾವಾ, ಶುರುವಿನಲ್ಲಿ ಮಾಡುತ್ತಿದ್ದದ್ದು ಸಂಗೀತದ ಹಾಳೆ ಇಡುವ ಸ್ಟ್ಯಾಂಡು. ತಾಮಾ ಹೊಶಿನೋ ಮನೆತನದ್ದು. ರಾಕ್ ಡ್ರಮ್ಮರ್‌ಗಳು ಜೋರಾಗಿ ಬಾರಿಸುತ್ತಿದ್ದರು, ಅಮೆರಿಕದ ತೆಳ್ಳಗಿನ ಸ್ಟ್ಯಾಂಡುಗಳು ವಾಲುತ್ತಿದ್ದವು. ಜಪಾನಿನವರು ಗಟ್ಟಿ ಸ್ಟ್ಯಾಂಡು ಕೊಟ್ಟರು, ಬೆಲೆಯೂ ಹಿತವಾಗಿತ್ತು. ಒಂದು ಕಾಲದಲ್ಲಿ ಬಾರಿಸುವವರ ಗೋಳು ಕೇಳಿ ಗೆದ್ದ ಮನೆಗಿಂತ ಈ ಸಲ ಬೇರೆಯವರು ಮೊದಲು ಕೇಳಿಸಿಕೊಂಡರು. ನನಗೆ ಇದನ್ನು ಹೇಳಲು ಬೇಸರವೇ, ಆದರೆ ಆದದ್ದು ಹಾಗೆ.

1981ರಲ್ಲಿ ಮಗ ಲಡ್ವಿಗ್ ಕಂಪನಿಯನ್ನು ಸೆಲ್ಮರ್ ಅನ್ನುವ ವಾದ್ಯ ಕಂಪನಿಗೆ ಮಾರಿದರು. ಈ ಸಲವೂ ಹೆಸರು ಹೋಯಿತು, ಆದರೆ ಮತ್ತೆ ಕೊಳ್ಳಲಿಲ್ಲ. 1984ರಲ್ಲಿ ಡೇಮನ್ ಅವೆನ್ಯೂ ಕಾರ್ಖಾನೆ ಮುಚ್ಚಿ, ಯಂತ್ರಗಳು ನಾರ್ತ್ ಕೆರೋಲಿನಾದ ಮನ್ರೋ ಊರಿಗೆ ಹೋದವು. ತಮಾಷೆಯೆಂದರೆ ಸೆಲ್ಮರ್ ಮುಂದೆ ಕಾನ್ ಜೊತೆಗೇ ಸೇರಿ ಕಾನ್-ಸೆಲ್ಮರ್ ಆಯಿತು. 1930ರ ಹೊತ್ತಿಗೆ ಹೆಸರು ಕೊಂಡಿದ್ದ ಅದೇ ಕಾನ್ ಹೆಸರಿನ ನೆರಳಿಗೆ ಲಡ್ವಿಗ್ ಮತ್ತೆ ಬಂತು.

ಎರಡನೆಯ ವಿಲಿಯಂ 2008ರವರೆಗೆ ಬದುಕಿದ್ದರು, 91 ವರ್ಷ. ಕಂಪನಿ ಕೈಬಿಟ್ಟ ಮೇಲೂ ಡ್ರಮ್ಮಿನವರ ಕೂಟಗಳಿಗೆ ಹೋಗಿ ಅಪ್ಪನ ಕಥೆ, ಕಾರ್ಖಾನೆಯ ಕಥೆ ಹೇಳುತ್ತಿದ್ದರು. ನಾನು ಇವತ್ತು ಹೇಳಿದ್ದರಲ್ಲಿ ಎಷ್ಟೋ ಸಂಗತಿ ಉಳಿದು ಬಂದದ್ದು ಅವರು ಹೀಗೆ ಹೇಳಿಕೊಂಡು ತಿರುಗಿದ್ದರಿಂದ. ನಮ್ಮಲ್ಲಿ ಮೃದಂಗ, ಮದ್ದಳೆ, ತಬಲಾ ಕಟ್ಟುವ ಮನೆತನಗಳು ತಲೆಮಾರುಗಳಿಂದ ಇವೆ. ನುಡಿಸುವವರ ಹೆಸರು ನಮಗೆ ಬಾಯಿಪಾಠ, ಕಟ್ಟಿಕೊಟ್ಟವರ ಹೆಸರು ಕೇಳಿದರೆ ಸಭೆಯಲ್ಲಿ ಎಷ್ಟು ಕೈ ಏಳುತ್ತವೆ? ನಿಮ್ಮಲ್ಲಿ ಯಾರಾದರೂ ಮುಚ್ಚಿಗೆ ಹಾಕಿಸಲು ಹೋಗುವವರಿದ್ದರೆ, ಮುಂದಿನ ಸಲ ಅರ್ಧ ಗಂಟೆ ಜಾಸ್ತಿ ಕೂತು ಅವರ ತಂದೆ, ತಾತ ಎಲ್ಲಿ ಕೆಲಸ ಕಲಿತರು, ಯಾರ್ಯಾರಿಗೆ ಕಟ್ಟಿಕೊಟ್ಟರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸಾಕು.